ಕಣ್ಣಿಲ್ಲದ ಸೂಜಿ: ಉಣ್ಣೆ ಶಿಲ್ಪವಾದ ಕಥೆ

ಭಾಗ 1/9 • ಇದು ಗೊಂಬೆನಾ?

ಮೊದಲನೇ ಫೋಟೋದಲ್ಲಿರೋ ಸೂಜಿಯನ್ನ ಸ್ವಲ್ಪ ಝೂಮ್ ಮಾಡಿ ನೋಡಿ. ಏನೋ ಒಂದು ಇಲ್ಲ ಅನ್ನಿಸ್ತಾ ಇದೆಯಾ?

ಕಣ್ಣಿಲ್ಲ. ದಾರ ಪೋಣಿಸೋಕೆ ತೂತೇ ಇಲ್ಲ. ಮೇಲಿನ ತುದಿ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಬಾಗಿದೆ, ಕೆಳಗಿನ ತುದಿ ಚೂಪಾಗಿದೆ. ಬೆರಳಿಂದ ಉರುಳಿಸಿದರೆ ಅದು ದುಂಡಗಿಲ್ಲ, ಮೂರು ಮೂಲೆ ಇದೆ ಅಂತ ಗೊತ್ತಾಗುತ್ತೆ. ಈ ಸೂಜಿಯಿಂದ ಹೊಲಿಯೋಕೆ ಆಗಲ್ಲ. ಆದ್ರೆ ಎರಡನೇ ಫೋಟೋದಲ್ಲಿರೋ ಟಗರಿನ ತಲೆಯನ್ನ ನಾನು ಮಾಡಿದ್ದು ಇದೇ ಸೂಜಿಯಿಂದ. ಮಣ್ಣಿಲ್ಲ, ಅಂಟಿಲ್ಲ, ಹೊಲಿಗೆ ಇಲ್ಲ. ಬರೀ ಉಣ್ಣೆ. ಈ ಕೆಲಸಕ್ಕೆ ನೀಡಲ್ ಫೆಲ್ಟಿಂಗ್ ಅಂತಾರೆ.

ನಮ್ಮ ಬ್ಯಾಚಿನವರಿಗೆ ಮುಂದಿನ ಕಥೆ ಗೊತ್ತು. ಹೋದ ತಿಂಗಳು ರಿವ್ಯೂ ಇತ್ತು. ಎಲ್ಲರೂ ಕಲ್ಲು, ಮಣ್ಣು, ಫೈಬರ್, ವೆಲ್ಡಿಂಗ್ ಮಾಡಿದ ಕಬ್ಬಿಣ ತಂದಿಟ್ಟಿದ್ದರು. ನಾನು ಈ ತಲೆ ಇಟ್ಟೆ. ನೋಡೋಕೆ ಬಂದ ಸರ್ ಒಬ್ಬರು ಅದನ್ನ ಒಂದೇ ಕೈಯಲ್ಲಿ ಎತ್ತಿ, ತೂಕ ನೋಡಿ, ನಕ್ಕರು. "ಚೆನ್ನಾಗಿದೆ. ಆದ್ರೆ ಇದು ಗೊಂಬೆ ಕಣಮ್ಮ. ಶಿಲ್ಪ ಎಲ್ಲಿ?" ಅಂದರು. ಫೈನಲ್ ಡಿಸ್‌ಪ್ಲೇಗೆ ಬೇರೆ ಏನಾದರೂ ಮಾಡು ಅಂತ ಹೇಳಿ ಮುಂದಿನ ಟೇಬಲ್ಲಿಗೆ ಹೋದರು.

ಅವತ್ತು ಸಂಜೆ ಅತ್ತೆ ಅಂತ ಸುಳ್ಳು ಹೇಳಲ್ಲ. ಸಿಟ್ಟು ಮಾತ್ರ ಬಂತು. ಸಿಟ್ಟು ಇಳಿದ ಮೇಲೆ ಯೋಚನೆ ಬಂತು. ಸರ್ ಕೇಳಿದ್ದು ಸುಮ್ಮನೆ ತಳ್ಳಿಹಾಕೋ ಪ್ರಶ್ನೆ ಅಲ್ಲ. ಒಂದು ವಸ್ತು ಯಾವಾಗ ಆಟಿಕೆ, ಯಾವಾಗ ಶಿಲ್ಪ? ಅದನ್ನ ಯಾರು ತೀರ್ಮಾನ ಮಾಡ್ತಾರೆ? ಉತ್ತರ ಹುಡುಕ್ತಾ ಹೋದರೆ ಈ ಸೂಜಿಯ ಹಿಂದೆ ಎರಡು ಸಾವಿರ ವರ್ಷಕ್ಕೂ ಹಳೆಯ ಒಂದು ಗೋರಿ, ಒಂದು ಕಾರ್ಖಾನೆಯ ಯಂತ್ರ, ಒಂದು ಪುಟ್ಟ ದ್ವೀಪ, ಆಮೇಲೆ ನಮ್ಮ ಭದ್ರಾವತಿ, ಬೆಂಗಳೂರು ಎಲ್ಲ ಸಿಕ್ಕವು.

ಫೈನಲ್‌ಗೆ ಇನ್ನು ಎರಡು ವಾರ ಇದೆ. ಉಣ್ಣೆನಾ, ಮಣ್ಣಾ ಅಂತ ಅಷ್ಟರೊಳಗೆ ತೀರ್ಮಾನ ಮಾಡಬೇಕು. ನಿಮ್ಮ ಜೊತೆ ಮಾತಾಡ್ತಾ ಮಾಡ್ತೀನಿ. ಬನ್ನಿ.

ಭಾಗ 2/9 • ಸ್ವೆಟರ್ ಯಾಕೆ ಕುಗ್ಗುತ್ತೆ?

ಇತಿಹಾಸಕ್ಕೆ ಮುಂಚೆ ಐದು ನಿಮಿಷ ವಿಜ್ಞಾನ. ಇದು ಅರ್ಥ ಆದರೆ ಮುಂದಿನದೆಲ್ಲ ಸುಲಭ.

ನಿಮ್ಮ ಮನೆಯಲ್ಲಿ ಯಾರಾದರೂ ಉಣ್ಣೆ ಸ್ವೆಟರನ್ನ ಬಿಸಿನೀರಲ್ಲಿ ಹಾಕಿ, ಸೋಪು ಹಚ್ಚಿ, ಚೆನ್ನಾಗಿ ಕುಕ್ಕಿದ್ದಾರಾ? ಅಣ್ಣನ ಸ್ವೆಟರ್ ತಮ್ಮನಿಗೂ ಆಗದಷ್ಟು ಚಿಕ್ಕದಾಗಿ, ದಪ್ಪಗಾಗಿ, ರಟ್ಟಿನ ಹಾಗೆ ಆಗಿರುತ್ತೆ. ಅಮ್ಮ ಬೈದಿರ್ತಾರೆ. ಆದರೆ ಅಲ್ಲಿ ಆಗಿರೋದು ಫೆಲ್ಟಿಂಗ್.

ಉಣ್ಣೆಯ ಎಳೆ ನಮ್ಮ ಕಣ್ಣಿಗೆ ನುಣುಪು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈತುಂಬ ಹೆಂಚು ಹೊದಿಸಿದ ಹಾಗೆ ಪುಟ್ಟ ಪುಟ್ಟ ಹುರುಪೆಗಳಿವೆ. ಎಲ್ಲದರ ಮುಖ ಒಂದೇ ಕಡೆಗೆ. ಹಾಗಾಗಿ ಎಳೆ ಒಂದು ದಿಕ್ಕಿಗೆ ಸಲೀಸಾಗಿ ಜಾರುತ್ತೆ, ಹಿಂದಕ್ಕೆ ಬರೋಕೆ ಹೋದರೆ ಸಿಕ್ಕಿಕೊಳ್ಳುತ್ತೆ. ಬಿಸಿ, ತೇವ, ಉಜ್ಜಾಟ ಮೂರೂ ಸೇರಿದರೆ ಎಳೆಗಳು ಒಂದರೊಳಗೊಂದು ನುಗ್ಗುತ್ತವೆ, ವಾಪಸ್ ಬರಲ್ಲ. ಕೂದಲು ಜಡೆಗಟ್ಟಿದ ಹಾಗೆ. ಹೀಗೆ ಗಟ್ಟಿಯಾದ ಹಾಳೆಗೆ ಫೆಲ್ಟ್ ಅಂತಾರೆ. ಅದು ನೇಯ್ದದ್ದಲ್ಲ, ಹೆಣೆದದ್ದಲ್ಲ. ಕತ್ತರಿಸಿದರೆ ಅಂಚಿನಿಂದ ದಾರ ಬಿಚ್ಚಲ್ಲ, ಯಾಕಂದ್ರೆ ಬಿಚ್ಚೋಕೆ ಅಲ್ಲಿ ದಾರವೇ ಇಲ್ಲ.

ಇಲ್ಲೊಂದು ಗೊಂದಲ ಬೇಡ. ನಮ್ಮ ಕಂಬಳಿ ಫೆಲ್ಟ್ ಅಲ್ಲ. ಕುರುಬರ ಕರಿ ಕಂಬಳಿಗೆ ಉಣ್ಣೆಯನ್ನ ಹಿಂಜಿ, ನೂಲು ತೆಗೆದು, ಗುಂಡಿಮಗ್ಗದಲ್ಲಿ ನೇಯುತ್ತಾರೆ. ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡ್ತಾರೆ. ಕಾಶ್ಮೀರದ ನಮ್ದಾ ಇದೆಯಲ್ಲ, ಅದು ಫೆಲ್ಟ್.

ಮಧ್ಯ ಏಷ್ಯಾದ ಅಲೆಮಾರಿಗಳಿಗೆ ಫೆಲ್ಟ್ ಅಂದರೆ ಮನೆಯೇ. ಉಣ್ಣೆಯನ್ನ ಹರಡಿ, ನೀರು ಚಿಮುಕಿಸಿ, ಸುರುಳಿ ಸುತ್ತಿ ಉರುಳಿಸ್ತಾರೆ. ಮಂಗೋಲಿಯಾದಲ್ಲಿ ಆ ಸುರುಳಿಯನ್ನ ಕುದುರೆಗೆ ಕಟ್ಟಿ ಹುಲ್ಲುಗಾವಲಿನಲ್ಲಿ ಎಳೆಸೋದೂ ಇದೆ. ಆ ಹಾಳೆಗಳನ್ನೇ ಹೊದಿಸಿದ ದುಂಡನೆಯ ಗುಡಾರದಲ್ಲಿ ಕೊರೆಯುವ ಚಳಿಗಾಲ ಕಳೀತಾರೆ.

ಅಂದ್ರೆ ಫೆಲ್ಟ್ ಬರೀ ಹಾಳೆನಾ? ನೆಲಕ್ಕೆ ಹಾಸೋಕೆ, ಗೋಡೆಗೆ ಹೊದಿಸೋಕೆ ಅಷ್ಟೇನಾ? ನಾನೂ ಹಾಗೇ ಅಂದುಕೊಂಡಿದ್ದೆ. ಹಂಸ ನೋಡೋವರೆಗೂ.

ಭಾಗ 3/9 • ಕಳ್ಳರು ಬಿಟ್ಟುಹೋದ ಹಂಸ

ರಷ್ಯಾದ ದಕ್ಷಿಣಕ್ಕೆ ಅಲ್ತಾಯ್ ಅಂತ ಬೆಟ್ಟಸಾಲು. ಅಲ್ಲಿ ಪಜಿರಿಕ್ ಅನ್ನೋ ಕಣಿವೆ. ಕ್ರಿಸ್ತಪೂರ್ವ ಕಾಲದಲ್ಲಿ ಅಲ್ಲಿದ್ದ ಕುದುರೆ ಸವಾರರ ಸಮುದಾಯ ತಮ್ಮ ಮುಖ್ಯಸ್ಥರನ್ನ ಆಳವಾದ ಗುಂಡಿಯಲ್ಲಿ, ಮರದ ದಿಮ್ಮಿಗಳ ಕೋಣೆ ಕಟ್ಟಿ ಹೂಳುತ್ತಿತ್ತು. ಜೊತೆಗೆ ಕುದುರೆಗಳು, ಬಟ್ಟೆ, ಜೀನು, ಚಿನ್ನ. ಮೇಲೆ ಕಲ್ಲಿನ ದೊಡ್ಡ ಗುಡ್ಡೆ.

ಚಿನ್ನ ಇದ್ದ ಮೇಲೆ ಕಳ್ಳರು ಬಾರದೆ ಇರ್ತಾರಾ? ಹಳೇ ಕಾಲದಲ್ಲೇ ಬಂದರು. ಮೇಲಿಂದ ಕನ್ನ ಕೊರೆದು ಇಳಿದರು, ಬೆಲೆಬಾಳೋದನ್ನೆಲ್ಲ ಬಾಚಿಕೊಂಡು ಹೋದರು. ಉಣ್ಣೆ, ಚರ್ಮ, ಮರ ಯಾರಿಗೆ ಬೇಕು? ಬಿಟ್ಟುಹೋದರು.

ಈಗ ನೋಡಿ ತಮಾಷೆ. ಅವರು ಕೊರೆದ ಕನ್ನದಿಂದ ನೀರು ಒಳಗೆ ಇಳಿಯಿತು. ಅಲ್ಲಿನ ಚಳಿಗೆ ಹೆಪ್ಪುಗಟ್ಟಿತು. ಕಲ್ಲುಗುಡ್ಡೆಯ ನೆರಳಲ್ಲಿ ಆ ಮಂಜುಗಡ್ಡೆ ಬೇಸಿಗೆಯಲ್ಲೂ ಕರಗಲಿಲ್ಲ. ಉಣ್ಣೆ ಸಾಮಾನ್ಯವಾಗಿ ನುಸಿ ತಿಂದು, ಕೊಳೆತು ಮಾಯ ಆಗೋ ವಸ್ತು. ಇಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಫ್ರಿಜ್ಜಿನಲ್ಲಿಟ್ಟ ಹಾಗೆ ಉಳಿಯಿತು.

1940ರ ದಶಕದ ಕೊನೆಯಲ್ಲಿ ಸೋವಿಯತ್ ಪುರಾತತ್ವಜ್ಞ ಸೆರ್ಗೆಯ್ ರುಡೆಂಕೊ ಇಲ್ಲಿ ಉತ್ಖನನ ನಡೆಸಿದರು. ಬಿಸಿನೀರು ಸುರಿದು ಮಂಜು ಕರಗಿಸಬೇಕಿತ್ತು. 1949ರಲ್ಲಿ ತೆರೆದ ಐದನೇ ಗೋರಿಯಲ್ಲಿ ಪ್ರಪಂಚದಲ್ಲಿ ಉಳಿದಿರೋ ಅತಿ ಹಳೆಯ ಗಂಟಿನ ರತ್ನಗಂಬಳಿ ಸಿಕ್ಕಿತು. ಫೆಲ್ಟಿನ ದೊಡ್ಡ ತೂಗುಪರದೆ ಸಿಕ್ಕಿತು. ಅವುಗಳ ಜೊತೆಗೆ, ಬಿಳಿ ಫೆಲ್ಟಿನಲ್ಲಿ ಮಾಡಿ ಒಳಗೆ ತುಂಬಿ ಉಬ್ಬಿಸಿದ ಹಂಸಗಳು. ಕೊಕ್ಕು, ರೆಕ್ಕೆಗಳಿಗೆ ಬೇರೆ ಬಣ್ಣದ ಫೆಲ್ಟ್. ಇವತ್ತಿಗೂ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಂನಲ್ಲಿವೆ.

ಆ ಹಂಸದ ಫೋಟೋ ಎಲ್ಲಾದರೂ ಸಿಕ್ಕರೆ ಕುತ್ತಿಗೆಯ ಬಾಗು ಗಮನಿಸಿ. ಅದನ್ನ ಮಾಡಿದವರಿಗೆ ಹಕ್ಕಿ ಗೊತ್ತಿತ್ತು, ಉಣ್ಣೆಯೂ ಗೊತ್ತಿತ್ತು. ಮುಖ್ಯಸ್ಥನ ಕೊನೆಯ ಪಯಣಕ್ಕೆ ಇಟ್ಟದ್ದನ್ನ ಆಟಿಕೆ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಆದರೂ ಒಂದು ವ್ಯತ್ಯಾಸ ನೆನಪಿಡಿ. ಆ ಹಂಸ ಮಾಡೋಕೆ ಮೊದಲು ಹಾಳೆ ಬೇಕಿತ್ತು. ಹಾಳೆ ಕತ್ತರಿಸಿ, ಹೊಲಿದು, ತುಂಬಿದರು. ಹಾಳೆಯೇ ಇಲ್ಲದೆ, ಹಿಂಜಿದ ಉಣ್ಣೆಯಿಂದ ನೇರವಾಗಿ ರೂಪ ಎಬ್ಬಿಸೋಕೆ ಇನ್ನೂ ಬಹಳ ಕಾಲ ಕಾಯಬೇಕಿತ್ತು. ಅದಕ್ಕೆ ಬೇಕಾದ ಸೂಜಿ ಹುಟ್ಟಿದ್ದು ಕಾರ್ಖಾನೆಯಲ್ಲಿ, ಕಲೆಗೆ ಅಂತ ಅಲ್ಲವೇ ಅಲ್ಲ.

ಭಾಗ 4/9 • ಯಂತ್ರದ ಹಲ್ಲು

ನೀರು, ಸೋಪಿನ ವಿಧಾನಕ್ಕೆ ಒಂದು ಮಿತಿ ಇದೆ. ಹುರುಪೆ ಇರೋ ಎಳೆಗೆ ಮಾತ್ರ ಅದು ಆಗುತ್ತೆ. ಸೆಣಬು, ನಾರು, ಕಾರ್ಖಾನೆಯ ಚಿಂದಿ ಇವನ್ನ ಎಷ್ಟು ಕುಕ್ಕಿದರೂ ಫೆಲ್ಟ್ ಆಗಲ್ಲ.

19ನೇ ಶತಮಾನದಲ್ಲಿ ಇದಕ್ಕೆ ಯಂತ್ರದ ಉಪಾಯ ಬಂತು. ಒಂದು ಹಲಗೆಗೆ ಸಾಲುಸಾಲಾಗಿ ಸೂಜಿ ನೆಡೋದು. ಕೆಳಗೆ ಎಳೆಗಳ ಮೆತ್ತನೆಯ ಹಾಸು ಸರಿಯುತ್ತಿರುತ್ತೆ. ಹಲಗೆ ಕೆಳಗಿಳಿದು ಚುಚ್ಚುತ್ತೆ, ಮೇಲೇಳುತ್ತೆ. ಈಗಿನ ಯಂತ್ರಗಳಲ್ಲಿ ಸಾವಿರಾರು ಸೂಜಿಗಳು ನಿಮಿಷಕ್ಕೆ ನೂರಾರು ಸಲ ಹೀಗೆ ಕುಣೀತವೆ.

ಗುಟ್ಟು ಇರೋದು ಸೂಜಿಯ ಅಂಚಿನಲ್ಲಿ. ಮೂರೂ ಅಂಚುಗಳಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಕಚ್ಚುಗಳಿವೆ, ಎಲ್ಲವೂ ಕೆಳಮುಖ. ಸೂಜಿ ಇಳಿಯುವಾಗ ಅವು ಒಂದಿಷ್ಟು ಎಳೆಗಳನ್ನ ಹಿಡಿದು ಒಳಗೆ ಎಳ್ಕೊಂಡು ಹೋಗ್ತವೆ. ಮೇಲೇಳುವಾಗ ಎಳೆ ಜಾರಿ ಅಲ್ಲೇ ಉಳಿಯುತ್ತೆ. ಅಂದ್ರೆ ಉಣ್ಣೆಯ ಹುರುಪೆ ಮಾಡೋ ಕೆಲಸವನ್ನ ಇಲ್ಲಿ ಉಕ್ಕು ಮಾಡುತ್ತೆ. ನೀರು ಬೇಡ, ಬಿಸಿ ಬೇಡ. ಮೇಲಿನ ಆ ಎಲ್ ಆಕಾರ ಯಾಕೆ ಅಂದ್ರೆ ಸೂಜಿ ಹಲಗೆಯಲ್ಲಿ ಭದ್ರವಾಗಿ ಕೂರೋಕೆ. ಮನುಷ್ಯರ ಕೈಗೆ ಅಂತ ಅದನ್ನ ಯಾರೂ ಮಾಡಲಿಲ್ಲ.

ಈ ತಂತ್ರದ ಮಾಲು ನಿಮ್ಮ ಸುತ್ತ ಎಲ್ಲ ಕಡೆ ಇದೆ. ಕಾರಿನೊಳಗಿನ ಕಾರ್ಪೆಟ್, ಕಾರ್ಖಾನೆಗಳ ಧೂಳು ಸೋಸೋ ಫಿಲ್ಟರ್, ರಸ್ತೆ ಮಾಡುವಾಗ ಮಣ್ಣು ಮತ್ತು ಜಲ್ಲಿ ನಡುವೆ ಹಾಸೋ ದಪ್ಪ ಬಟ್ಟೆ.

ಯಂತ್ರಕ್ಕೆ ಬೇಕಾಗಿದ್ದದ್ದು ಒಂದೇ: ಚಪ್ಪಟೆ ಹಾಳೆ, ಎಲ್ಲ ಕಡೆ ಒಂದೇ ದಪ್ಪ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು ಬಂದರೆ ಆ ಮಾಲು ರಿಜೆಕ್ಟ್.

ಈ "ತಪ್ಪು" ಇದೆಯಲ್ಲ, ಉಬ್ಬು ಮತ್ತು ತಗ್ಗು, ನಮ್ಮ ವಿಭಾಗದಲ್ಲಿ ನಾವು ಮೂರು ವರ್ಷದಿಂದ ಕಲಿತಿರೋದು ಅದನ್ನೇ ಅಲ್ವಾ?

ಭಾಗ 5/9 • ಗ್ಯಾಲರಿಗೆ ಬಂದ ಫೆಲ್ಟ್

ಸೂಜಿ ಕಾರ್ಖಾನೆಯಲ್ಲೇ ಇರುವಾಗ, ಫೆಲ್ಟಿನ ಹಾಳೆ ಇನ್ನೊಂದು ಬಾಗಿಲಿಂದ ಕಲೆಯೊಳಗೆ ಬಂತು. ಇದು 1960ರ ದಶಕದ ಮಾತು. ಥಿಯರಿ ಪೇಪರಿಗೂ ಉಪಯೋಗಕ್ಕೆ ಬರುತ್ತೆ, ಸೇವ್ ಮಾಡ್ಕೊಳ್ಳಿ.

ಜರ್ಮನಿಯಲ್ಲಿ ಜೋಸೆಫ್ ಬಾಯ್ಸ್. ಎರಡನೇ ಮಹಾಯುದ್ಧದಲ್ಲಿ ವಿಮಾನಪಡೆಯಲ್ಲಿದ್ದವರು. 1944ರಲ್ಲಿ ಕ್ರಿಮಿಯಾದಲ್ಲಿ ಅವರ ವಿಮಾನ ಬಿತ್ತು. ಅಲ್ಲಿನ ತಾತಾರರು ತನ್ನ ಮೈಗೆ ಕೊಬ್ಬು ಹಚ್ಚಿ, ಫೆಲ್ಟ್ ಸುತ್ತಿ ಬದುಕಿಸಿದರು ಅಂತ ಅವರು ಹೇಳ್ತಿದ್ದರು. ದಾಖಲೆಗಳ ಪ್ರಕಾರ ಜರ್ಮನ್ ಸೇನೆಯವರೇ ಅವರನ್ನ ಹುಡುಕಿ ಆಸ್ಪತ್ರೆಗೆ ಸೇರಿಸಿದ್ದರು. ಕಥೆ ಕಟ್ಟುಕಥೆಯೇ ಇರಲಿ, ಫೆಲ್ಟ್ ಮಾತ್ರ ಜೀವನಪೂರ್ತಿ ಅವರನ್ನ ಬಿಡಲಿಲ್ಲ. 1966ರಲ್ಲಿ ಒಂದು ಗ್ರ್ಯಾಂಡ್ ಪಿಯಾನೋಗೆ ಪೂರ್ತಿ ಬೂದು ಫೆಲ್ಟಿನ ಕವಚ ತೊಡಿಸಿದರು. ಮೇಲೆ ಕೆಂಪು ಶಿಲುಬೆಯ ಗುರುತು. ಒಳಗೆ ಪಿಯಾನೋ ಇದೆ, ಆದರೆ ನುಡಿಯೋ ಹಾಗಿಲ್ಲ. ಬಾಯಿ ಕಟ್ಟಿದ ಆನೆಯ ಹಾಗೆ ನಿಂತಿದೆ. 1970ರಲ್ಲಿ ಫೆಲ್ಟಿನಲ್ಲೇ ಕೋಟು, ಪ್ಯಾಂಟು ಹೊಲಿಸಿ ಗೋಡೆಗೆ ನೇತುಹಾಕಿದರು.

ಅಮೆರಿಕದಲ್ಲಿ ರಾಬರ್ಟ್ ಮಾರಿಸ್. 1967ರ ಸುಮಾರಿಗೆ ಕಾರ್ಖಾನೆಯ ದಪ್ಪ ಫೆಲ್ಟ್ ತಂದು, ಅದರಲ್ಲಿ ಉದ್ದುದ್ದ ಸೀಳು ಹಾಕಿ, ಗೋಡೆಗೆ ತೂಗುಬಿಟ್ಟರು. ಆಕಾರ ಕೊಟ್ಟದ್ದು ಭಾರ ಮತ್ತು ಗುರುತ್ವ. ಶಿಲ್ಪ ಅಂದರೆ ಗಟ್ಟಿಯಾಗಿ, ನೆಟ್ಟಗೆ ನಿಲ್ಲಲೇಬೇಕು ಅನ್ನೋ ನಂಬಿಕೆಗೆ ಅದು ನೇರ ಪ್ರಶ್ನೆ. ಮರುವರ್ಷ 'ಆಂಟಿ ಫಾರ್ಮ್' ಅನ್ನೋ ಪ್ರಬಂಧವನ್ನೂ ಬರೆದರು.

ಇಬ್ಬರ ಕೆಲಸಗಳೂ ಈಗ ದೊಡ್ಡ ಮ್ಯೂಸಿಯಂಗಳಲ್ಲಿವೆ. "ಇದು ಮೆತ್ತಗಿದೆ, ಹಗುರ ಇದೆ, ಶಿಲ್ಪ ಎಲ್ಲಿ?" ಅಂತ ಇವತ್ತು ಅವರನ್ನ ಯಾರೂ ಕೇಳಲ್ಲ. ಹಾಗಾದರೆ ವಸ್ತು ಮೆತ್ತಗಿರೋದು ತೊಂದರೆ ಅಲ್ಲ ಅಂತಾಯ್ತು.

ಆದರೆ ಇದನ್ನೂ ಹೇಳಬೇಕು. ಇಬ್ಬರೂ ತಂದದ್ದು ರೆಡಿ ಇದ್ದ ಫೆಲ್ಟ್. ಅದನ್ನ ಸುತ್ತಿದರು, ಕತ್ತರಿಸಿದರು, ತೂಗುಹಾಕಿದರು. ಉಣ್ಣೆಯ ಎಳೆಯ ಮಟ್ಟಕ್ಕೆ ಇಳಿಯಲಿಲ್ಲ. ಅಲ್ಲಿಗೆ ಇಳಿದವರು ಗ್ಯಾಲರಿಯ ಹೊರಗಿದ್ದರು.

ಭಾಗ 6/9 • ಒಂದೇ ಒಂದು ಸೂಜಿ ಕಿತ್ತವರು

1980ರ ದಶಕ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಯಾಚೆ ಮಾರ್ಥಾಸ್ ವಿನ್‌ಯಾರ್ಡ್ ಅನ್ನೋ ದ್ವೀಪ. ಅಲ್ಲಿ ಎಲೀನರ್ ಮತ್ತು ಡೇವಿಡ್ ಸ್ಟ್ಯಾನ್‌ವುಡ್ ಅನ್ನೋ ದಂಪತಿ. ಕಾರ್ಖಾನೆಯ ಫೆಲ್ಟಿಂಗ್ ಸೂಜಿಯನ್ನ ಅವರು ಕೈಯಲ್ಲಿ ಹಿಡಿದು ಉಣ್ಣೆಗೆ ಚುಚ್ಚಿ ನೋಡಿದರು. ಸಾವಿರ ಸೂಜಿಯ ಹಲಗೆ ಬಿಟ್ಟು ಒಂದೇ ಸೂಜಿ. ಇವತ್ತಿನ ಕೈ ನೀಡಲ್ ಫೆಲ್ಟಿಂಗಿಗೆ ಮೂಲಪುರುಷ, ಮೂಲಸ್ತ್ರೀ ಅಂತ ಈ ಇಬ್ಬರನ್ನೇ ಹೆಸರಿಸ್ತಾರೆ. ಅವರ ಮೂಲಕ ಆಯಲಾ ತಲ್ಪೈ ಅನ್ನೋ ಕಲಾವಿದೆಗೆ ಇದು ಗೊತ್ತಾಯಿತು. ಆಕೆ ಊರೂರಲ್ಲಿ ಕಲಿಸಿದರು, ಈ ಸೂಜಿ ಕಾರ್ಖಾನೆಯಿಂದ ಕಲ್ಪನೆಗೆ ಬಂದ ಬಗ್ಗೆ ಪುಸ್ತಕವನ್ನೇ ಬರೆದರು.

ಒಂದು ಸೂಜಿ ಕೈಗೆ ಬಂದರೆ ಏನು ಬದಲಾಗುತ್ತೆ? ಎಲ್ಲವೂ. ಯಂತ್ರ ಎಲ್ಲ ಕಡೆ ಸಮ ಚುಚ್ಚುತ್ತೆ. ಕೈ ಬೇಕಾದ ಕಡೆ ಮಾತ್ರ ಚುಚ್ಚುತ್ತೆ. ಒಂದು ಜಾಗದಲ್ಲಿ ಹೆಚ್ಚು ಚುಚ್ಚಿದರೆ ಅಲ್ಲಿ ತಗ್ಗು: ಕಣ್ಣಿನ ಗುಳಿ. ಪಕ್ಕದಲ್ಲಿ ಬಿಟ್ಟರೆ ಉಬ್ಬು: ಹುಬ್ಬು. ಬೇಕಾದರೆ ಇನ್ನೊಂದು ಹಿಡಿ ಉಣ್ಣೆ ಇಟ್ಟು ಚುಚ್ಚಿದರೆ ಅದು ಸೇರಿಕೊಳ್ಳುತ್ತೆ, ಬೆಸುಗೆಯ ಗುರುತೂ ಕಾಣಲ್ಲ.

ಕ್ಲಾಸಿನಲ್ಲಿ ನಮಗೆ ಎರಡು ದಾರಿ ಹೇಳಿಕೊಟ್ಟಿದ್ದಾರೆ. ಕಲ್ಲು, ಮರದಲ್ಲಿ ಬೇಡದ್ದನ್ನ ತೆಗೀತಾ ಹೋಗೋದು. ಮಣ್ಣಿನಲ್ಲಿ ಬೇಕಾದ್ದನ್ನ ಸೇರಿಸ್ತಾ ಹೋಗೋದು. ಇದು ಮೂರನೇದು. ತೆಗೆಯೋದೂ ಅಲ್ಲ, ಬರೀ ಸೇರಿಸೋದೂ ಅಲ್ಲ, ಇರೋದನ್ನೇ ಬಿಗಿ ಮಾಡೋದು. ತಲೆಗಿಂತ ಎಷ್ಟೋ ದೊಡ್ಡದಾಗಿದ್ದ ನನ್ನ ಉಣ್ಣೆಯ ಮುದ್ದೆ ಕೊನೆಗೆ ತಲೆಯಷ್ಟಾಯಿತು. ಒಂದು ಎಳೆಯೂ ಹೊರಗೆ ಹೋಗಿಲ್ಲ.

ಮಾಡಿ ನೋಡಬೇಕು ಅನ್ನೋರಿಗೆ: ಸೂಜಿಯ ನಂಬರ್ ಜಾಸ್ತಿ ಆದಷ್ಟು ಸೂಜಿ ಸಣ್ಣ. ಶುರುವಿಗೆ 36, ಆಮೇಲೆ 38, ನಯ ಮಾಡೋಕೆ 40. ಕೆಳಗೆ ದಪ್ಪ ಸ್ಪಂಜು ಇಟ್ಟುಕೊಳ್ಳಿ. ನೆಟ್ಟಗೆ ಚುಚ್ಚಿ ನೆಟ್ಟಗೆ ತೆಗೀರಿ, ಅಡ್ಡ ತಿರುಗಿಸಿದರೆ ಪಟ್ ಅಂತ ಮುರಿಯುತ್ತೆ. ನಾನು ಏಳು ಮುರಿದಿದ್ದೀನಿ. ಎಡಗೈ ತೋರುಬೆರಳು ಎಷ್ಟು ಸಲ ಚುಚ್ಚಿಸಿಕೊಂಡಿದೆ ಅಂತ ಲೆಕ್ಕ ಇಟ್ಟಿಲ್ಲ. ಕಚ್ಚುಗಳಿರೋದರಿಂದ ಮಾಮೂಲಿ ಸೂಜಿಗಿಂತ ಜಾಸ್ತಿ ಉರಿಯುತ್ತೆ. ಫೋನ್ ನೋಡ್ಕೊಂಡು ಮಾಡಬೇಡಿ.

ಭಾಗ 7/9 • ಟೆಡ್ಡಿ ಬೇರ್‌ನ ಬುರುಡೆ

ಸೂಜಿ ಸುಲಭ, ಉಣ್ಣೆ ಸುಲಭ, ಮನೆಯಲ್ಲೇ ಕೂತು ಮಾಡಬಹುದು. ಹಾಗಾಗಿ ಇದು ಬೇಗ ಹಬ್ಬಿತು. ಜಪಾನಿನಲ್ಲಿ ಕಿಟ್‌ಗಳು ಬಂದವು. ಪುಟ್ಟ ಬೆಕ್ಕು, ಮೊಲ, ಅಣಬೆ, ಕೀಚೈನ್. ಈಗ ಬೆಂಗಳೂರಿಗೂ ಆನ್‌ಲೈನಲ್ಲಿ ಬರ್ತವೆ. ನನ್ನ ಮೊದಲ ಸೂಜಿಯೂ ಅಂಥ ಒಂದು ಬೆಕ್ಕಿನ ಕಿಟ್‌ನಿಂದಲೇ ಬಂದದ್ದು. ಅದರಲ್ಲಿ ತಪ್ಪೇನಿಲ್ಲ. ಆದರೆ "ಉಣ್ಣೆ, ಸೂಜಿ ಅಂದ್ರೆ ಮುದ್ದು ಗೊಂಬೆ" ಅನ್ನೋ ಹಣೆಪಟ್ಟಿ ಅಂಟಿಕೊಂಡದ್ದೂ ಹೀಗೇ.

ಈ ಹಣೆಪಟ್ಟಿಯನ್ನೇ ಹಿಡಿದು ಕೆಲಸ ಮಾಡಿದವರು ಕ್ಯಾಲಿಫೋರ್ನಿಯಾದ ಸ್ಟೆಫನಿ ಮೆಟ್ಜ್. ಆಕೆ ಹವ್ಯಾಸಕ್ಕೆ ಬಂದವರಲ್ಲ. ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆಯನ್ನೇ ಓದಿದವರು. ರೂಪ, ತೂಕ, ಖಾಲಿ ಜಾಗ ಎಲ್ಲ ನಮ್ಮ ಹಾಗೇ ಕಲಿತು, ಆಮೇಲೆ ಉಣ್ಣೆ ಮತ್ತು ಈ ಸೂಜಿಯನ್ನ ತನ್ನ ಮುಖ್ಯ ಮಾಧ್ಯಮ ಮಾಡಿಕೊಂಡರು.

ಆಕೆಯ ಒಂದು ಸರಣಿ ಟೆಡ್ಡಿ ಬೇರ್‌ಗಳ ತಲೆಬುರುಡೆ. ಸ್ವಲ್ಪ ಯೋಚಿಸಿ. ಟೆಡ್ಡಿ ಬೇರ್ ಅನ್ನೋ ಪ್ರಾಣಿ ಇಲ್ಲ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಯಲ್ಲಿ ಒಂದು ಕರಡಿಯನ್ನ ಕೊಲ್ಲೋಕೆ ಒಪ್ಪಲಿಲ್ಲ ಅನ್ನೋ ಸುದ್ದಿಯಿಂದ ಹುಟ್ಟಿದ ಆಟಿಕೆ ಅದು. ಹಣೆ ದೊಡ್ಡದು, ಮೂತಿ ಮೊಂಡು, ಮುಖ ಮಗುವಿನ ಹಾಗೆ. ಆ ಮುಖದ ಒಳಗೆ ಮೂಳೆ ಇದ್ದಿದ್ದರೆ ಹೇಗಿರ್ತಿತ್ತು? ಮೆಟ್ಜ್ ಅದನ್ನ ಬಿಳಿ ಉಣ್ಣೆಯಲ್ಲಿ ಮಾಡಿದರು. ದೂರದಿಂದ ನೋಡಿದರೆ ಪ್ರಾಣಿಶಾಸ್ತ್ರದ ಮ್ಯೂಸಿಯಂನಲ್ಲಿಟ್ಟ ಮೂಳೆ. ಹತ್ತಿರ ಹೋದರೆ ಮೆತ್ತನೆ ಉಣ್ಣೆ. ಮುದ್ದು ಬಂದ ಕ್ಷಣದಲ್ಲೇ ಮೈ ಜುಮ್ ಅನ್ನುತ್ತೆ.

ಇದನ್ನ ಅಮೃತಶಿಲೆಯಲ್ಲಿ ಮಾಡಿದ್ದರೆ? ನೈಪುಣ್ಯ ಕಾಣ್ತಿತ್ತು, ಈ ಇಬ್ಬಂದಿ ಕಾಣ್ತಿರಲಿಲ್ಲ. ಆಟಿಕೆಯ ವಸ್ತುವಿನಲ್ಲೇ ಸಾವನ್ನ ಮಾಡಿದ್ದರಿಂದ ಅದು ನಾಟುತ್ತೆ. ಉಣ್ಣೆ ಅಲ್ಲಿ ಬದಲಿ ವಸ್ತು ಅಲ್ಲ, ಅದೇ ಮಾತು.

2020ರ ಆರಂಭದಲ್ಲಿ ಸಾಂತಾ ಕ್ಲಾರಾ ವಿಶ್ವವಿದ್ಯಾಲಯದ ಡಿ ಸೈಸೆ ಮ್ಯೂಸಿಯಂನಲ್ಲಿ ಆಕೆಯ 'ಇನ್‌ಟಚ್' ಪ್ರದರ್ಶನ ನಡೆಯಿತು. ದೊಡ್ಡ ದೊಡ್ಡ ಉಣ್ಣೆ ರೂಪಗಳು, ನೋಡೋರು ಮುಟ್ಟಲಿ ಅಂತಲೇ ಮಾಡಿದ್ದು. ಆ ವರ್ಷ ಏನಾಯ್ತು ಅಂತ ನಾನು ಹೇಳಬೇಕಾ? ಮಾರ್ಚ್ ಹೊತ್ತಿಗೆ ಕೋವಿಡ್ ಬಂತು, ಮುಟ್ಟೋದೇ ಭಯ ಆಯಿತು.

ಭಾಗ 8/9 • ಭದ್ರಾವತಿಯ ಸೂಜಿ

"ಅದೆಲ್ಲ ಅಮೆರಿಕದ್ದು, ಇಲ್ಲಿ ಯಾರು ಒಪ್ತಾರೆ?" ಅಂತ ಆರನೇ ಭಾಗದ ಕೆಳಗೆ ಒಬ್ಬರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಇಲ್ಲಿ ಇಬ್ಬರನ್ನ ನೆನೆಯೋಣ. ಇಬ್ಬರೂ ನೀಡಲ್ ಫೆಲ್ಟಿಂಗ್ ಮಾಡಿದವರಲ್ಲ. ಆದರೆ ಎಳೆಯಿಂದ ಶಿಲ್ಪ ಆಗುತ್ತೆ ಅಂತ ತೋರಿಸಿದವರು.

ಮೊದಲನೆಯವರು ಮೃಣಾಲಿನಿ ಮುಖರ್ಜಿ (1949–2015). ಬರೋಡಾದಲ್ಲಿ ಕೆ. ಜಿ. ಸುಬ್ರಮಣ್ಯನ್ ಅವರ ಶಿಷ್ಯೆ. 1970ರ ದಶಕದಿಂದ ನಾರಿನ ಹಗ್ಗವನ್ನ ಕೈಯಿಂದಲೇ ಗಂಟು ಹಾಕ್ತಾ ಹಾಕ್ತಾ ಆಳೆತ್ತರದ, ಅದಕ್ಕಿಂತ ದೊಡ್ಡ ಮೂರ್ತಿಗಳನ್ನ ಎಬ್ಬಿಸಿದರು. ಮಗ್ಗ ಇಲ್ಲ. ಹೂವೂ ಹೌದು, ದೇವತೆಯೂ ಹೌದು ಅನ್ನೋ ಹಾಗಿರೋ ರೂಪಗಳು. 'ವನಶ್ರೀ' (1994) ನೋಡಿ. ಹಗ್ಗದ ಕೆಲಸ ಅಂದ್ರೆ ಕರಕುಶಲ ಅಂತ ಪಕ್ಕಕ್ಕಿಡೋರ ನಡುವೆಯೇ ಅವರು ದಶಕಗಳ ಕಾಲ ಇದನ್ನ ಬಿಡದೆ ಮಾಡಿದರು. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್‌ನಲ್ಲಿ ಅವರ ದೊಡ್ಡ ಪ್ರದರ್ಶನ ಆಯಿತು. ನೋಡೋಕೆ ಅವರೇ ಇರಲಿಲ್ಲ.

ಎರಡನೆಯವರು ನಮ್ಮವರೇ. ಶೀಲಾ ಗೌಡ, 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಓದಿದವರು. ಚಿತ್ರಕಲೆಯಿಂದ ಶುರು ಮಾಡಿ ಸಗಣಿ, ಕುಂಕುಮ, ದಾರ, ಕೂದಲು ಇವುಗಳಿಗೆ ಬಂದರು. 1998ರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಕೃತಿಯಲ್ಲಿ ಉದ್ದುದ್ದ ದಾರಗಳನ್ನ ಸೂಜಿಯ ಕಣ್ಣಿನೊಳಗಿಂದ ಪೂರ್ತಿ ಹಾಯಿಸಿ, ಕುಂಕುಮ ಮತ್ತು ಅಂಟು ಹಚ್ಚಿ, ಸೇರಿಸಿ ರಕ್ತಗೆಂಪು ಹಗ್ಗ ಮಾಡಿದ್ದಾರೆ. ಆ ಹಗ್ಗ ಕೋಣೆ ತುಂಬ ಹರಿಯುತ್ತೆ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ನೇತಾಡ್ತಾ ಇರುತ್ತೆ. ಹೆಣ್ಣುಮಕ್ಕಳ ಮನೆಗೆಲಸದ ಸೂಜಿ, ಅದರ ನೋವಿನ ಸಮೇತ. 2009ರ 'ಬಿಹೋಲ್ಡ್' ನೋಡಿದರೆ ಕಾರಿನ ಬಂಪರ್‌ಗಳನ್ನ ಮನುಷ್ಯರ ಕೂದಲಿನ ಹುರಿ ಹೊತ್ತುಕೊಂಡಿದೆ. ದೃಷ್ಟಿ ಆಗದಿರಲಿ ಅಂತ ನಮ್ಮ ಬೆಂಗಳೂರಿನ ಗಾಡಿಗಳಿಗೆ ಕಟ್ತಾರಲ್ಲ, ಅದೇ ಕೂದಲ ಹುರಿ.

ಕೂದಲು ಉಕ್ಕನ್ನ ಹೊರಬಹುದಾದರೆ ಉಣ್ಣೆ ಒಂದು ಟಗರಿನ ತಲೆ ಹೊರಲಾರದಾ?

ಭಾಗ 9/9 • ಮುಟ್ಟಿ ನೋಡಿ

ಕೊನೇ ಫೋಟೋ ಒಂದು ಗೋಣಿಚೀಲದ್ದು. ಚಳ್ಳಕೆರೆ ಕಡೆಯ ನಮ್ಮ ಸೋದರಮಾವ ಬಸ್ಸಿನಲ್ಲಿ ಹಾಕಿ ಕಳಿಸಿದ್ದು. ಒಳಗೆ ಡೆಕ್ಕನಿ ಕುರಿಯ ಕರಿ ಉಣ್ಣೆ. "ದುಡ್ಡು ಎಷ್ಟು ಕೊಡ್ಲಿ ಮಾವ?" ಅಂದೆ. "ಅಯ್ಯೋ, ಈಗ ಇದನ್ನ ಕೇಳೋರೇ ಕಮ್ಮಿ ಕಣವ್ವ. ಕತ್ತರಿಸಿದ ಕೂಲಿನೂ ಹುಟ್ಟಲ್ಲ. ಒಯ್ದು ಏನಾರ ಮಾಡು" ಅಂದರು. ಚಿಕ್ಕವಳಿದ್ದಾಗ ಅವರ ಮನೆಯಲ್ಲಿ ಇದೇ ಉಣ್ಣೆಯ ಕಂಬಳಿ ಹೊದ್ದು ಮಲಗಿದ್ದೀನಿ. ಮೈ ಚುಚ್ಚುತ್ತೆ ಅಂತ ಅತ್ತಿದ್ದೀನಿ ಕೂಡ.

ಕಿಟ್‌ನಲ್ಲಿ ಬರೋ ಬಣ್ಣಬಣ್ಣದ ಉಣ್ಣೆ ರೇಷ್ಮೆಯ ಹಾಗಿರುತ್ತೆ. ಇದು ಒರಟು, ಕೂದಲು ಕೂದಲು. ತೊಳೆದು, ಹಿಂಜಿ, ಎಣ್ಣೆಯ ಜಿಡ್ಡು ತೆಗೆಯೋಕೆ ಮೂರು ದಿನ ಹಿಡೀತು. ಆದರೆ ನುಣುಪಾದ ಉಣ್ಣೆಗಿಂತ ಒರಟು ಉಣ್ಣೆ ಸೂಜಿಗೆ ಬೇಗ ಬಿಗಿಯಾಗುತ್ತೆ. ಮೇಲ್ಮೈ ಮಾತ್ರ ಎಷ್ಟು ಚುಚ್ಚಿದರೂ ನಯ ಆಗಲ್ಲ, ಅಲ್ಲಲ್ಲಿ ಕೂದಲು ಚಾಚಿಕೊಂಡೇ ಇರ್ತವೆ. ಮೊದಲು ಅದನ್ನ ಕತ್ತರಿಸ್ತಿದ್ದೆ. ಆಮೇಲೆ ಬಿಟ್ಟೆ. ಟಗರಿನ ತಲೆ ಟಗರಿನ ಉಣ್ಣೆಯಲ್ಲಿ ಇದೆ, ಅದು ನಯವಾಗಿ ಯಾಕಿರಬೇಕು?

ಈಗ ಸರ್ ಪ್ರಶ್ನೆಗೆ ಬರ್ತೀನಿ. ಶಿಲ್ಪ ಎಲ್ಲಿ?

ಎರಡು ವಾರ ಓದಿ ನನಗೆ ಅನ್ನಿಸಿದ್ದು ಇಷ್ಟು. ವಸ್ತು ಯಾವುದನ್ನೂ ಶಿಲ್ಪ ಮಾಡಲ್ಲ. ಕಲ್ಲಿನಲ್ಲಿ ಮಾಡಿದ ಎಷ್ಟೋ ಗೊಂಬೆಗಳಿವೆ, ರಸ್ತೆ ಸರ್ಕಲ್‌ಗಳಲ್ಲಿ ದಿನಾ ನೋಡ್ತೀವಿ. ಅಲ್ತಾಯ್‌ನಲ್ಲಿ ಹಂಸ ಮಾಡಿದವರು, ಯಂತ್ರದಿಂದ ಒಂದು ಸೂಜಿಯನ್ನ ಬೇರೆ ಮಾಡಿದವರು, ಬುರುಡೆಗೆ ಉಣ್ಣೆ ಆರಿಸಿದವರು, ಕುಂಕುಮದ ಹಗ್ಗ ಎಳೆದವರು ಎಲ್ಲರೂ ಒಂದೇ ಕೆಲಸ ಮಾಡಿದ್ದಾರೆ. ಈ ವಸ್ತು ಮಾತ್ರ ಹೇಳಬಲ್ಲ ಮಾತು ಯಾವುದು ಅಂತ ಕೇಳಿದ್ದಾರೆ. ಹಾಗೆ ನೋಡಿದರೆ ರಿವ್ಯೂ ದಿನ ನಾನು ಇಟ್ಟ ತಲೆ ಅರ್ಧ ಗೊಂಬೆಯೇ ಆಗಿತ್ತು. ಕಿಟ್‌ನಲ್ಲಿ ಬಂದ ಗಾಜಿನ ಕಣ್ಣು ಅಂಟಿಸಿದ್ದೆ. ಮುದ್ದಾಗಿ ಕಾಣಲಿ ಅಂತ. ಸರ್ ನೋಡಿದ್ದು ಬಹುಶಃ ಆ ಕಣ್ಣನ್ನೇ.

ಮೊನ್ನೆ ರಾತ್ರಿ ಆ ಎರಡು ಕಣ್ಣು ಕಿತ್ತೆ. ಆ ಜಾಗದಲ್ಲಿ ಸೂಜಿಯಿಂದ ಚುಚ್ಚಿ ಚುಚ್ಚಿ ಗುಳಿ ಮಾಡಿದೆ. ಕೊಂಬಿನ ಸುರುಳಿಯನ್ನ ಇನ್ನೂ ಬಿಗಿ ಮಾಡಿದೆ. ಬೆಳಗಿನ ಜಾವ ಅಮ್ಮ ಎದ್ದು ಬಂದು ನೋಡಿ, "ಕಂಬಳಿ ವಾಸನೆ ಬರ್ತಿದೆ" ಅಂದರು. ಮುಟ್ಟಿದರು. ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

ತೀರ್ಮಾನ ಆಯ್ತು. ಫೈನಲ್‌ಗೆ ಇದೇ ತಲೆ. ಪೀಠದ ಮೇಲೆ ಒಂದು ಚೀಟಿ ಇಡ್ತೀನಿ: ಮುಟ್ಟಿ ನೋಡಿ. ಸರ್‌ಗೂ ಅದನ್ನೇ ಹೇಳ್ತೀನಿ. ಮಾರ್ಕ್ಸ್ ಎಷ್ಟು ಬರುತ್ತೋ ಬರಲಿ, ಬಂದ ಮೇಲೆ ಸ್ಟೋರಿ ಹಾಕ್ತೀನಿ.

ನಿಮ್ಮ ಮನೆಯಲ್ಲಿ ಹಳೇ ಕಂಬಳಿ ಇದ್ದರೆ ಇವತ್ತು ಅದನ್ನ ತೆಗೆದು ಬಿಸಿಲಿಗೆ ಹಾಕಿ, ನುಸಿ ಹೋಗಲಿ. ಹಾಕುವಾಗ ಒಮ್ಮೆ ಕೈಯಾಡಿಸಿ. ಏನನ್ನಿಸಿತು ಅಂತ ಕೆಳಗೆ ಬರೀರಿ. ಎಲ್ಲರದ್ದೂ ಓದ್ತೀನಿ.

#ಕಣ್ಣಿಲ್ಲದಸೂಜಿ #ನೀಡಲ್‌ಫೆಲ್ಟಿಂಗ್ #ಉಣ್ಣೆಶಿಲ್ಪ #ಕಲೆಯಇತಿಹಾಸ #ಡೆಕ್ಕನಿಉಣ್ಣೆ #ಕನ್ನಡದಲ್ಲಿಕಲೆ